ಶವಚ್ಛೇದಶಾಲೆಯ ಚಿತ್ರಕಾರರು

ಮನುಷ್ಯದೇಹದ ಒಳಭಾಗವನ್ನು ಪುಸ್ತಕದ ಚಿತ್ರಗಳಲ್ಲಿ ಮಾತ್ರ ಕಂಡಿರುವವರು, ಧಮನಿಯು ಕೆಂಪಾಗಿಯೂ ಸಿರೆಯು ನೀಲಿಯಾಗಿಯೂ ನರವು ಹಳದಿಯಾಗಿಯೂ ಇದ್ದು, ಒಂದೊಂದು ಸ್ನಾಯುವೂ ತನ್ನ ಎಲ್ಲೆಯನ್ನು ಸ್ಫುಟವಾಗಿ ತೋರುತ್ತ ಚರ್ಮದ ಅಡಿಯಲ್ಲಿ ಓರಣವಾಗಿ ಅಣಿಗೊಂಡಿರುವುದೆಂದು ಭಾವಿಸುವುದು ಸಹಜವೇ. ಶವಚ್ಛೇದಶಾಲೆಯನ್ನು ಹೊಕ್ಕ ವಿದ್ಯಾರ್ಥಿಗೆ ಮೊದಲ ದಿನವೇ ಈ ಭಾವನೆ ಕಳಚಿಬೀಳುತ್ತದೆ. ಅಲ್ಲಿ ಕೊಬ್ಬು, ಪೊರೆ, ತಂತು, ನಾಳಗಳೆಲ್ಲ ಒಂದರೊಳಗೊಂದು ತೊಡಕಿಕೊಂಡು, ಬಹುಮಟ್ಟಿಗೆ ಒಂದೇ ಮಾಸಲು ವರ್ಣವನ್ನು ತಾಳಿ, ಯಾವುದು ಎಲ್ಲಿ ಮುಗಿದು ಯಾವುದು ಎಲ್ಲಿ ಮೊದಲಾಯಿತೆಂಬುದು ತಿಳಿಯದ ಹಾಗೆ ಹರಡಿಕೊಂಡಿರುತ್ತವೆ. ಪುಟದ ಮೇಲೆ ನಾವು ಕಾಣುವ ಸ್ಪಷ್ಟವಾದ ರೇಖೆಯನ್ನು ನಿಸರ್ಗವು ಬರೆದಿಲ್ಲ. ಕತ್ತಿ ಹಿಡಿದವನು ಬಿಡಿಸಿ ತೋರಿಸಿದುದನ್ನು ದಿನಗಟ್ಟಲೆ ನೋಡಿ, ಇದು ಬೇಕು ಇದು ಬೇಡವೆಂದು ಆಯ್ದು, ಕೊಳೆತುಹೋಗುವ ಮುನ್ನ ಕಾಗದಕ್ಕೆ ಇಳಿಸಿದ ಒಬ್ಬ ಚಿತ್ರಕಾರನ ತೀರ್ಮಾನ ಅದು. ಐರೋಪ್ಯ ವೈದ್ಯಶಾಸ್ತ್ರದ ಚರಿತ್ರೆಯನ್ನು ಬರೆದವರು ಕತ್ತಿ ಹಿಡಿದವನ ಹೆಸರನ್ನು ಅಚ್ಚಳಿಯದಂತೆ ನಿಲ್ಲಿಸಿದ್ದಾರೆ. ಚಿತ್ರ ಬರೆದವನ ಹೆಸರು ಹಲವು ವೇಳೆ ಅಡಿಟಿಪ್ಪಣಿಗೆ ಇಳಿದಿದೆ. ಮೇಜಿನ ಮೇಲೆ ಮಲಗಿದ್ದವರ ಹೆಸರಂತೂ ಬಹುಮಟ್ಟಿಗೆ ದಾಖಲೆಯನ್ನೇ ಸೇರಲಿಲ್ಲ. ಆ ಚಿತ್ರಗಳು ಈ ಮೂವರೂ ಸೇರಿ ಆದ ಕೃತಿಗಳೆಂದು ಎಣಿಸಿ ಅವುಗಳ ಕಥೆಯನ್ನು ಹೇಳುವುದೇ ನ್ಯಾಯವೆಂದು ನನಗೆ ತೋರುತ್ತದೆ.

ಹೆಣವನ್ನು ಬಿಡಿಸಿ ನೋಡುವ ವಿಧಿಯು ನಮ್ಮ ದೇಶಕ್ಕೆ ಅಪರಿಚಿತವಾಗಿರಲಿಲ್ಲ. ಅಂಗಗಳಲ್ಲಿ ನ್ಯೂನತೆಯಿಲ್ಲದ, ವಿಷದಿಂದಾಗಲಿ ದೀರ್ಘವ್ಯಾಧಿಯಿಂದಾಗಲಿ ಸಾಯದ ಶವವೊಂದನ್ನು ಆರಿಸಿ, ಕರುಳಿನ ಮಲವನ್ನು ತೆಗೆದು, ಮುಂಜ ಮೊದಲಾದ ಹುಲ್ಲುಗಳಿಂದ ಸುತ್ತಿ, ಪಂಜರದಲ್ಲಿರಿಸಿ, ಹರಿಯುವ ನೀರಿನಲ್ಲಿ ಮರೆಯಾದ ಎಡೆಯಲ್ಲಿ ಕೊಳೆಯಿಸಿ, ಏಳು ರಾತ್ರಿಗಳು ಕಳೆದ ಮೇಲೆ ಲಾವಂಚ, ಕೂದಲು, ಬಿದಿರುಗಳ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ ಚರ್ಮದಿಂದ ಮೊದಲುಗೊಂಡು ಒಳಗಿನದೆಲ್ಲವನ್ನೂ ಕಣ್ಣಾರೆ ನೋಡಬೇಕೆಂದು ಸುಶ್ರುತಸಂಹಿತೆಯ ಶಾರೀರಸ್ಥಾನವು ವಿಧಿಸುತ್ತದೆ. ಆದರೆ ಆ ಜ್ಞಾನವು ಗುರುವಿನ ಮಾತಿನಿಂದ ಶಿಷ್ಯನ ನೆನಪಿಗೆ ಸಾಗಿತೇ ಹೊರತು ಅದರೊಡನೆ ಚಿತ್ರಪರಂಪರೆಯೊಂದು ಬೆಳೆದು ಬರಲಿಲ್ಲ. ಯೂರೋಪಿನಲ್ಲಿಯೂ ಬಹುಕಾಲ ಹೀಗೆಯೇ ಇದ್ದಿತು. 1316ರಲ್ಲಿ ಬೊಲೊನ್ಯಾದ ಮಾಂಡಿನೋ ಎಂಬ ಆಚಾರ್ಯನು ಬರೆದ ಅಂಗರಚನೆಯ ಕೈಪಿಡಿಯನ್ನು ಇನ್ನೂರು ವರ್ಷಗಳ ಕಾಲ ಅಲ್ಲಿನ ವಿಶ್ವವಿದ್ಯಾಲಯಗಳು ಓದಿದವು. ಪಾಠದ ಕ್ರಮ ಹೇಗಿತ್ತೆಂಬುದನ್ನು ಹದಿನೈದನೆಯ ಶತಮಾನದ ಕೊನೆಯ ದಶಕದಲ್ಲಿ ವೆನಿಸ್ಸಿನಲ್ಲಿ ಅಚ್ಚಾದ ಒಂದು ಮರದಚ್ಚಿನ ಚಿತ್ರವು ತೋರಿಸುತ್ತದೆ: ಎತ್ತರದ ಪೀಠದ ಮೇಲೆ ಆಚಾರ್ಯನು ಕುಳಿತಿರುವನು, ಕೆಳಗೆ ಕ್ಷೌರಿಕನೊಬ್ಬನು ಹೆಣವನ್ನು ಕೊಯ್ಯಲು ಅಣಿಯಾಗಿರುವನು, ಇನ್ನೊಬ್ಬನು ಕಡ್ಡಿಯಿಂದ ಅಂಗವನ್ನು ತೋರಿಸುವನು. ಪೀಠದ ಮೇಲಿದ್ದವನ ಕಣ್ಣು ದೇಹದತ್ತ ಇಳಿಯುವುದಿಲ್ಲ. ಪುಸ್ತಕವು ಹೇಳಿದ್ದೇ ದೇಹದಲ್ಲಿರಬೇಕೆಂಬ ಶ್ರದ್ಧೆಯು ಅಷ್ಟು ಗಾಢವಾಗಿತ್ತು.

ಈ ಶ್ರದ್ಧೆಯನ್ನು ಮೊದಲು ಕದಲಿಸಿದವರಲ್ಲಿ ಒಬ್ಬನು ವೈದ್ಯನೇ ಅಲ್ಲದ ಲಿಯೊನಾರ್ಡೊ ಡಾ ವಿಂಚಿ. ಫ್ಲಾರೆನ್ಸಿನ ಸಾಂತಾ ಮಾರಿಯಾ ನೂವಾ ಆಸ್ಪತ್ರೆಯಲ್ಲಿ, ನೂರು ವರ್ಷ ಬದುಕಿದೆನೆಂದು ಹೇಳಿಕೊಂಡ ಮುದುಕನೊಬ್ಬನು ನೋವಿಲ್ಲದೆ ಪ್ರಾಣಬಿಟ್ಟಾಗ, ಅಷ್ಟು ಸುಖವಾದ ಮರಣಕ್ಕೆ ಕಾರಣವೇನೆಂದು ತಿಳಿಯಲು ಅವನ ದೇಹವನ್ನೇ ಲಿಯೊನಾರ್ಡೊ ಬಿಡಿಸಿ ನೋಡಿದನು. ಒಂದೇ ತೋಳನ್ನು ಸುತ್ತ ನಡೆದು ನೋಡಿದವನಂತೆ ಹಲವು ದಿಕ್ಕುಗಳಿಂದ ಬರೆಯುವುದು, ಸ್ನಾಯುಗಳನ್ನು ಹುರಿಗಳಂತೆ ಎಳೆದು ತೋರಿ ಅವುಗಳ ಹಿಂದಿನ ಎಲುಬು ಕಾಣುವಂತೆ ಮಾಡುವುದು, ಅವಯವವನ್ನು ಅಡ್ಡಲಾಗಿ ಸೀಳಿ ತೋರುವುದು ಮುಂತಾದ ಉಪಾಯಗಳೆಲ್ಲ ಅವನ ಹಾಳೆಗಳಲ್ಲಿವೆ. ಗರ್ಭದೊಳಗೆ ಮುದುರಿಕೊಂಡಿರುವ ಶಿಶುವಿನ ಅವನ ಚಿತ್ರದಷ್ಟು ಕರುಣೆಯುಳ್ಳ ಅಂಗರಚನಾಚಿತ್ರವನ್ನು ನಾನು ಬೇರೆ ಕಂಡಿಲ್ಲ. ಆದರೂ ಆ ಗರ್ಭದ ಹೊದಿಕೆಯು ಹಸುವಿನದು. ಮಾನುಷದೇಹ ದೊರೆಯದ ಕಡೆ ಪ್ರಾಣಿಯಲ್ಲಿ ಕಂಡುದನ್ನು ಅವನೂ ತುಂಬಿದನು. 1511ರಲ್ಲಿ ಅವನೊಡನೆ ಕೆಲಸ ಮಾಡುತ್ತಿದ್ದ ಮಾರ್ಕಾಂಟೋನಿಯೊ ಡೆಲ್ಲಾ ಟೊರ್ರೆ ಎಂಬ ತರುಣ ಆಚಾರ್ಯನು ಪ್ಲೇಗಿನಿಂದ ಮಡಿದನು. ಗ್ರಂಥವಾಗಬೇಕಾಗಿದ್ದ ಹಾಳೆಗಳು ಹಾಳೆಗಳಾಗಿಯೇ ಉಳಿದು, ಕೈಯಿಂದ ಕೈಗೆ ಬಿದ್ದು, ಕೊನೆಗೆ ಇಂಗ್ಲೆಂಡಿನ ರಾಜಸಂಗ್ರಹವನ್ನು ಸೇರಿದವು. ಶಾಸ್ತ್ರದ ಬೆಳವಣಿಗೆಗೆ ಅವುಗಳಿಂದ ಆದ ಉಪಕಾರ ಅತ್ಯಲ್ಪ. ಅಚ್ಚಾಗದ ಚಿತ್ರವು ಎಷ್ಟು ಸತ್ಯವಾಗಿದ್ದರೂ ಪಾಠಶಾಲೆಯನ್ನು ಮುಟ್ಟಲಾರದು.

ಮುಟ್ಟಿದ ಚಿತ್ರಗಳು 1543ರಲ್ಲಿ ಬಂದವು. ಬ್ರಸೆಲ್ಸ್‌ನಲ್ಲಿ 1514ರ ಕೊನೆಯ ದಿನ ಜನಿಸಿದ ಆಂಡ್ರಿಯಾಸ್ ವೆಸೇಲಿಯಸ್ಸನು ಪ್ಯಾರಿಸ್ಸಿನಲ್ಲಿ ವಿದ್ಯಾಭ್ಯಾಸ ಮಾಡಿ, ಯುದ್ಧದ ಕಾರಣದಿಂದ ಹಿಂದಿರುಗಿ, ಲೂವೆನ್ ನಗರದಲ್ಲಿದ್ದಾಗಿನ ಒಂದು ಪ್ರಸಂಗವನ್ನು ತಾನೇ ಬರೆದಿಟ್ಟಿದ್ದಾನೆ. ಊರ ಹೊರಗೆ, ಮರಣದಂಡನೆಗೆ ಗುರಿಯಾದವರ ದೇಹಗಳನ್ನು ಬಿಟ್ಟುಹೋಗುವ ಸ್ಥಳದಲ್ಲಿ ಗೆಳೆಯನೊಡನೆ ಎಲುಬುಗಳನ್ನು ಅರಸುತ್ತ ಹೋದಾಗ, ಬೆಂಕಿಯಲ್ಲಿ ಸುಡಲ್ಪಟ್ಟು ಹಕ್ಕಿಗಳಿಂದ ಶುಚಿಯಾಗಿದ್ದ ಒಂದು ಅಸ್ಥಿಪಂಜರವು ಕಂಬಕ್ಕೆ ಬಿಗಿದಂತೆಯೇ ನಿಂತಿದ್ದಿತು. ವೆಸೇಲಿಯಸ್ಸನು ಕಂಬವನ್ನು ಹತ್ತಿ ತೊಡೆಯೆಲುಬನ್ನು ಸೊಂಟದಿಂದ ಕಿತ್ತನು; ಉಳಿದುದನ್ನು ತುಂಡು ತುಂಡಾಗಿ ಗುಟ್ಟಾಗಿ ಮನೆಗೆ ಸಾಗಿಸಿ, ಜೋಡಿಸಿ ನಿಲ್ಲಿಸಿ, ಪ್ಯಾರಿಸ್ಸಿನಿಂದ ತಂದದ್ದೆಂದು ಜನರಿಗೆ ಹೇಳಿದನು. ಆ ದಂಡಿತನು ಯಾರು, ಅವನ ಅಪರಾಧವೇನು ಎಂಬುದನ್ನು ಅವನು ಬರೆಯಲಿಲ್ಲ. ಸುಮಾರು ಇಪ್ಪತ್ತೆರಡು ವರ್ಷದ ತರುಣನ ಜ್ಞಾನತೃಷ್ಣೆಯು ಎಂಥದೆಂಬುದು ಇದರಿಂದ ತಿಳಿಯುವಂತೆಯೇ, ಆ ತೃಷ್ಣೆಯು ಯಾವ ಮೂಲದಿಂದ ತಣಿಯಬೇಕಾಗಿದ್ದಿತೆಂಬುದೂ ತಿಳಿಯುತ್ತದೆ.

1537ರ ಡಿಸೆಂಬರಿನಲ್ಲಿ ಪಾಡುವಾದ ವಿಶ್ವವಿದ್ಯಾಲಯವು ಅವನಿಗೆ ವೈದ್ಯಪದವಿಯನ್ನು ಕೊಟ್ಟು, ಒಡನೆಯೇ ಅಧ್ಯಾಪಕನನ್ನಾಗಿಯೂ ನಿಯಮಿಸಿತು. ಅವನು ಎತ್ತರದ ಪೀಠದಿಂದ ಕೆಳಗಿಳಿದು, ಕ್ಷೌರಿಕನ ಕೈಯ ಕತ್ತಿಯನ್ನು ತಾನೇ ತೆಗೆದುಕೊಂಡು, ಕೊಯ್ಯುತ್ತ ಕೊಯ್ಯುತ್ತಲೇ ಪಾಠ ಹೇಳಿದನು. ನಗರದ ನ್ಯಾಯಾಧೀಶನಾಗಿದ್ದ ಮಾರ್ಕಾಂಟೋನಿಯೊ ಕಾಂಟಾರಿನಿಯ ಆಸಕ್ತಿಯಿಂದ ಗಲ್ಲಿಗೇರಿದವರ ದೇಹಗಳು ಅವನಿಗೆ ದೊರೆಯತೊಡಗಿದ ಮೇಲೆ, ಸಾವಿರದ ಮುನ್ನೂರು ವರ್ಷಗಳಿಂದ ಬಹುಮಟ್ಟಿಗೆ ಯಾರೂ ಪ್ರಶ್ನಿಸದಿದ್ದ ಪ್ರಾಚೀನ ವೈದ್ಯ ಗೇಲೆನ್ನನ ಮಾತುಗಳು ಒಂದೊಂದಾಗಿ ಸಡಿಲಗೊಂಡವು. ಗೇಲೆನ್ನನು ಮನುಷ್ಯರನ್ನು ಬಿಡಿಸಿರಲಿಲ್ಲ. ಕೋತಿ ಹಂದಿಗಳಲ್ಲಿ ಕಂಡುದನ್ನು ಮನುಷ್ಯನಿಗೆ ಆರೋಪಿಸಿದ್ದನು. ಕೆಳದವಡೆಯು ಎರಡು ಎಲುಬುಗಳದೆಂದು ಅವನು ಹೇಳಿದ್ದು ತಪ್ಪು, ಅದು ಒಂದೇ. ಎದೆಯೆಲುಬಿಗೆ ಏಳು ಭಾಗಗಳಿಲ್ಲ, ಮೂರು. ಮಿದುಳಿನ ತಳದಲ್ಲಿದೆಯೆಂದ ಅದ್ಭುತವಾದ ನಾಳಜಾಲವು ದನಕುರಿಗಳಲ್ಲಿದೆಯೇ ಹೊರತು ಮಾನವನಲ್ಲಿಲ್ಲ. ಈ ಕೊನೆಯ ಜಾಲವನ್ನು 1538ರಲ್ಲಿ ತಾನು ಪ್ರಕಟಿಸಿದ ಆರು ಹಾಳೆಗಳ ಚಿತ್ರಾವಳಿಯಲ್ಲಿ ವೆಸೇಲಿಯಸ್ಸನೇ ಬರೆದಿದ್ದನು. ಐದು ವರ್ಷಗಳ ಅನಂತರ ಅದನ್ನು ತಾನೇ ಅಲ್ಲಗಳೆದನು.

ಹೀಗೆ ಸಿದ್ಧವಾದ ಮಹಾಗ್ರಂಥಕ್ಕೆ ಇನ್ನೂರಕ್ಕೂ ಮಿಕ್ಕು ಚಿತ್ರಗಳು ಬೇಕಾದವು. ಚಿತ್ರಗಳಿಂದ ಕಲಿಯುವುದು ವಿದ್ಯಾರ್ಥಿಗೆ ಹಾನಿಕರವೆಂದು ಆಗ ವಾದಿಸುವವರಿದ್ದರು. ಅವರಿಗೆ ಮುನ್ನುಡಿಯಲ್ಲಿಯೇ ಉತ್ತರ ಹೇಳಿ, ಅತ್ಯುತ್ತಮ ಕಲಾವಿದರಿಂದ ಬರೆಯಿಸಿ, ಪಿಯರ್ ಮರದ ಹಲಗೆಗಳ ಮೇಲೆ ವೆನಿಸ್ಸಿನಲ್ಲಿ ಕೆತ್ತಿಸಿದನು. ಮುದ್ರಣಕ್ಕೆ ಆರಿಸಿಕೊಂಡವನು ಆಲ್ಪ್ಸ್ ಪರ್ವತದ ಆಚೆ ಬಾಸೆಲ್ ನಗರದಲ್ಲಿದ್ದ ಯೊಹಾನ್ನೆಸ್ ಓಪೊರಿನಸ್. ಭಾರವಾದ ಆ ಹಲಗೆಗಳನ್ನು ವರ್ತಕರ ಸಾಮಾನುಗಳೊಡನೆ ಗಿರಿಮಾರ್ಗದಲ್ಲಿ ಸಾಗಿಸುವ ಏರ್ಪಾಡನ್ನು ಮಾಡಿ, ಯಾವುದು ಎಲ್ಲಿ ಕೂರಬೇಕು, ರೇಖೆಗಳ ಸೂಕ್ಷ್ಮತೆ ಕೆಡದಂತೆ ಎಂಥ ಕಾಗದ ಬೇಕು ಎಂಬುದನ್ನೆಲ್ಲ ಓಪೊರಿನಸ್ಸನಿಗೆ ಪತ್ರ ಬರೆದು ತಿಳಿಸಿದನು. ಆ ಪತ್ರವೂ ಗ್ರಂಥದಲ್ಲಿಯೇ ಅಚ್ಚಾಗಿದೆ. ಕೊನೆಗೆ ತಾನೇ ಬಾಸೆಲ್ಲಿಗೆ ಹೋಗಿ ನಿಂತು, ಅಚ್ಚಿನ ಕೆಲಸವನ್ನು ನೋಡಿಕೊಂಡನು. ಮಾನವದೇಹದ ರಚನೆಯನ್ನು ಕುರಿತ ಏಳು ಭಾಗಗಳ ಆ ಗ್ರಂಥವು ಹೊರಬಂದಾಗ ಅವನಿಗೆ ಇಪ್ಪತ್ತೆಂಟು ವರ್ಷ. ಕೋಪರ್ನಿಕಸ್ಸನ ಖಗೋಳಗ್ರಂಥವು ಪ್ರಕಟವಾದದ್ದೂ ಅದೇ ವರ್ಷದಲ್ಲಿ.

ಅದರ ಚಿತ್ರಗಳಲ್ಲಿ ಲೋಕಪ್ರಸಿದ್ಧವಾದವು ಸ್ನಾಯುಪುರುಷರ ಹದಿನಾಲ್ಕು ಫಲಕಗಳು. ಮೊದಲನೆಯದರಲ್ಲಿ ಚರ್ಮವೊಂದನ್ನು ಮಾತ್ರ ಕಳೆದುಕೊಂಡ ಪುರುಷನು ಗ್ರೀಕ್ ಶಿಲ್ಪದಂತೆ ಗಂಭೀರವಾಗಿ ನಿಂತಿದ್ದಾನೆ. ಮುಂದಿನ ಒಂದೊಂದರಲ್ಲಿಯೂ ಬಾಳೆದಿಂಡಿನ ಪಟ್ಟೆಗಳನ್ನು ಸುಲಿದ ಹಾಗೆ ಒಂದೊಂದು ಪದರ ಕಳಚುತ್ತದೆ. ಬಿಡಿಸಿದ ಸ್ನಾಯುಗಳು ತಮ್ಮ ಒಂದು ತುದಿಯಿಂದ ಜೋಲುತ್ತವೆ. ಆಧಾರಗಳೆಲ್ಲ ಹೋದ ಮೇಲೆ ದೇಹವು ತಾನಾಗಿ ನಿಲ್ಲಲಾರದು. ಏಳನೆಯ ಫಲಕಕ್ಕೆ ಬರುವಷ್ಟರಲ್ಲಿ ತಲೆಯನ್ನು ಹಗ್ಗದಿಂದ ಮೇಲಕ್ಕೆ ಬಿಗಿದಿದೆ. ಜೀವಂತನಂತೆ ನಡೆಯುತ್ತಿದ್ದವನು ನೇಣಿನಿಂದ ಇಳಿಸಿ ತಂದ ಹೆಣವೆಂಬ ಸತ್ಯವನ್ನು ಆ ಹಗ್ಗವು ಮುಚ್ಚಿಡುವುದಿಲ್ಲ. ಇಷ್ಟಾದರೂ ಆ ಪುರುಷರ ಹಿಂದೆ ಬೆಟ್ಟದ ಸಾಲು, ಹೊಳೆ, ಸೇತುವೆ, ಪಾಳುಬಿದ್ದ ರೋಮನ್ ಕಟ್ಟಡಗಳು, ಗುಡಿಸಲು ಗೋಪುರಗಳು ಇವೆ. ಫಲಕಗಳನ್ನು ತಕ್ಕ ಕ್ರಮದಲ್ಲಿ ಅಕ್ಕಪಕ್ಕ ಇರಿಸಿದರೆ ಈ ಹಿನ್ನೆಲೆಗಳು ಒಂದಕ್ಕೊಂದು ಕೂಡಿಕೊಂಡು ಪಾಡುವಾದ ಸಮೀಪದ ಯುಗೇನಿಯನ್ ಬೆಟ್ಟಗಳ ದೃಶ್ಯವಾಗುತ್ತವೆಂಬುದು ಇಪ್ಪತ್ತನೆಯ ಶತಮಾನದಲ್ಲಿ ಗೊತ್ತಾಯಿತು. ಪುಟ ಪುಟವಾಗಿ ಬಿಡಿಬಿಡಿಯಾಗುವ ದೇಹದ ಹಿಂದೆ ಅಖಂಡವಾದ ನಾಡೊಂದನ್ನು ಹರಡಿದ ಚಿತ್ರಕಾರನ ಮನಸ್ಸು ಸಾಮಾನ್ಯವಾದುದಲ್ಲ. ಹೆಣದ ಸುತ್ತ ಬಯಲನ್ನೂ ಆಕಾಶವನ್ನೂ ಬರೆದು, ಗಲ್ಲಿಗೇರಿದವನಿಗೆ ಅವನು ಸತ್ತ ಮೇಲೆ ಒಂದು ಘನತೆಯನ್ನು ಕೊಟ್ಟನೆಂದೇ ನಾನು ತಿಳಿಯುತ್ತೇನೆ.

ಆ ಚಿತ್ರಕಾರನು ಯಾರು? ಗ್ರಂಥವು ಹೇಳುವುದಿಲ್ಲ. 1538ರ ಚಿತ್ರಾವಳಿಯಲ್ಲಿ ಅಸ್ಥಿಪಂಜರಗಳನ್ನು ಬರೆದ ಯಾನ್ ವಾನ್ ಕಾಲ್ಕರನೆಂದು, ಕಲಾವಿದರ ಚರಿತ್ರೆಗಳನ್ನು ಬರೆದ ವಸಾರಿ ಹೇಳುತ್ತಾನೆ. ವರ್ಣಚಿತ್ರಕಾರ ಟಿಷಿಯನ್ನನ ಶಾಲೆಯ ಹಲವರ ಕೈಗಳೆಂದು ಇತರರು. ಚಕ್ರವರ್ತಿ ಐದನೆಯ ಚಾರ್ಲ್ಸನಿಗೆ ಅರ್ಪಿತವಾದ, ಸುಮಾರು ಏಳುನೂರು ಪುಟಗಳ ಪುಸ್ತಕದಲ್ಲಿ ಲೇಖಕನ ಭಾವಚಿತ್ರಕ್ಕೆ ಎಡೆಯಿದ್ದಿತು, ಮುದ್ರಕನಿಗೆ ಬರೆದ ಪತ್ರಕ್ಕೆ ಎಡೆಯಿದ್ದಿತು, ಚಿತ್ರ ಬರೆದವನ ಹೆಸರಿಗೆ ಎಡೆಯಿರಲಿಲ್ಲ. ಮುಖಪುಟದ ಮರದಚ್ಚಿನಲ್ಲಿ, ಕಿಕ್ಕಿರಿದ ಜನಸಂದಣಿಯ ನಡುವೆ, ವೆಸೇಲಿಯಸ್ಸನ ಕೈಯ ಕೆಳಗೆ ಹೆಂಗಸೊಬ್ಬಳ ದೇಹವು ಉದರ ತೆರೆದು ಮಲಗಿದೆ. ಗಲ್ಲಿನಿಂದ ತಪ್ಪಿಸಿಕೊಳ್ಳಲು ತಾನು ಗರ್ಭಿಣಿಯೆಂದು ಹೇಳಿಕೊಂಡು, ಸೂಲಗಿತ್ತಿಯರು ಪರೀಕ್ಷಿಸಿ ಅಲ್ಲವೆಂದ ಮೇಲೆ ನೇಣಿಗೇರಿದ ಹೆಂಗಸೊಬ್ಬಳ ಸಂಗತಿಯನ್ನು ಅವನು ಗ್ರಂಥದೊಳಗೆ ಹೇಳಿದ್ದಾನೆ. ಮುಖಪುಟದಲ್ಲಿರುವವಳು ಆಕೆಯೇ ಎಂದು ವಿದ್ವಾಂಸರು ಎಣಿಸುತ್ತಾರೆ. ಆಕೆ ಬದುಕಲು ಹೇಳಿದ ಸುಳ್ಳು ದಾಖಲೆಯಾಗಿದೆ, ಹೆಸರು ಆಗಿಲ್ಲ.

ಆ ಪುಸ್ತಕದಲ್ಲಿ ಓದುಗರು ಸಾಮಾನ್ಯವಾಗಿ ದಾಟಿಹೋಗುವ ಇನ್ನೊಂದು ಚಿತ್ರಸಂಪತ್ತಿದೆ. ಅಧ್ಯಾಯಗಳ ಮೊದಲಕ್ಷರಗಳನ್ನು ಚಿಕ್ಕ ಚೌಕಗಳಲ್ಲಿ ಕೆತ್ತಿ, ಅವುಗಳ ಹಿಂದೆ ಗುಂಡುಗುಂಡಾದ ಶಿಶುಗಳು ಆಡುತ್ತಿರುವಂತೆ ತೋರಿಸಿದೆ. ಹತ್ತಿರ ಹಿಡಿದು ನೋಡಿದರೆ, ಒಂದರಲ್ಲಿ ಶಿಶುಗಳು ಕಡಾಯಿಯಲ್ಲಿ ಎಲುಬುಗಳನ್ನು ಕುದಿಸುತ್ತಿವೆ, ಇನ್ನೊಂದರಲ್ಲಿ ಪ್ರಾಣಿಯನ್ನು ಹಲಗೆಗೆ ಬಿಗಿದು ಕೊಯ್ಯುತ್ತಿವೆ, ಮತ್ತೊಂದರಲ್ಲಿ ರಾತ್ರಿಯ ಹೊತ್ತು ಹೆಣವನ್ನು ಅಪಹರಿಸುತ್ತಿವೆ. ಗದ್ಯವು ಗಂಭೀರವಾಗಿ ವಿವರಿಸುವ ಶಾಸ್ತ್ರವನ್ನು ಸಾಧಿಸಲು ಮಾಡಬೇಕಾಗಿದ್ದ ಕೆಲಸಗಳನ್ನೆಲ್ಲ ಈ ಬೊಟ್ಟಿನಷ್ಟು ಚಿತ್ರಗಳು ಒಪ್ಪಿಕೊಳ್ಳುತ್ತವೆ. ಮುಖ್ಯಚಿತ್ರಗಳ ಹಲಗೆಗಳಾದರೋ ಹೇಗೋ ಉಳಿದುಕೊಂಡು ಮ್ಯೂನಿಕ್ ವಿಶ್ವವಿದ್ಯಾಲಯದ ಗ್ರಂಥಾಲಯವನ್ನು ಸೇರಿದವು. 1934ರಲ್ಲಿ ಅವುಗಳಿಂದ ಮತ್ತೊಮ್ಮೆ ಚಿತ್ರಗಳನ್ನು ಅಚ್ಚುಹಾಕಿದಾಗ, ನಾಲ್ಕು ಶತಮಾನಗಳ ಹಿಂದೆ ಕೆತ್ತಿದ ರೇಖೆಗಳು ಇನ್ನೂ ಹರಿತವಾಗಿದ್ದವು. ಎರಡನೆಯ ಮಹಾಯುದ್ಧದ ಬಾಂಬುದಾಳಿಯಲ್ಲಿ ಅವೆಲ್ಲ ಸುಟ್ಟುಹೋದವು. ಮಾನವನ ಕೈಚಳಕದ ನಷ್ಟಗಳನ್ನು ಲೆಕ್ಕ ಹಾಕುವವರು ಇದನ್ನೂ ಸೇರಿಸಿಕೊಳ್ಳಬೇಕು.

ವೆಸೇಲಿಯಸ್ಸನ ಚಿತ್ರಗಳನ್ನು ನೂರಾರು ಪುಸ್ತಕಗಳು ನಕಲು ಮಾಡಿದವು. ಮರದಚ್ಚಿಗಿಂತ ಸೂಕ್ಷ್ಮವಾದ ರೇಖೆಗಳನ್ನು ಹಿಡಿಯಬಲ್ಲ ತಾಮ್ರದ ತಗಡಿನ ಕೆತ್ತನೆಯು ಬಳಕೆಗೆ ಬಂದ ಮೇಲೆ ಚಿತ್ರದ ಗುಣವೇ ಬದಲಾಯಿತು. 1685ರಲ್ಲಿ ಆಂಸ್ಟರ್‌ಡಾಮ್‌ನಲ್ಲಿ ಪ್ರಕಟವಾದ ಗೋವರ್ಟ್ ಬಿಡ್ಲೂವಿನ 105 ಫಲಕಗಳ ಗ್ರಂಥಕ್ಕೆ ಚಿತ್ರ ಬರೆದವನು ಆ ಕಾಲದ ಪ್ರಖ್ಯಾತ ವರ್ಣಚಿತ್ರಕಾರನಾದ ಗೆರಾರ್ಡ್ ಡಿ ಲೇರೆಸ್. ಇವನ ದೇಹಗಳು ಬೆಟ್ಟಗಳ ಮುಂದೆ ನಿಲ್ಲುವುದಿಲ್ಲ. ಮೇಜಿನ ಮೇಲೆ ಬಿದ್ದಿವೆ. ಚರ್ಮವನ್ನು ಹಿಡಿದಿಟ್ಟ ಗುಂಡುಸೂಜಿ, ತಲೆಯ ಕೆಳಗಿನ ಮರದ ತುಂಡು, ಕೈಗೆ ಕಟ್ಟಿದ ದಾರ, ಅರ್ಧ ಮುಚ್ಚಿದ ಬಟ್ಟೆಯ ಮಡಿಕೆ ಎಲ್ಲವನ್ನೂ ಕಂಡಂತೆಯೇ ಬರೆದಿದ್ದಾನೆ. ತೆರೆದ ಉದರದ ಒಂದು ಫಲಕದಲ್ಲಿ ಆ ಬಟ್ಟೆಯ ಮೇಲೆ ನೊಣವೊಂದು ಕುಳಿತಿದೆ. ಚಿತ್ರದಲ್ಲಿ ಅದಕ್ಕೆ ಅಂಗರಚನೆಯ ದೃಷ್ಟಿಯಿಂದ ಯಾವ ಕೆಲಸವೂ ಇಲ್ಲ. ನೋಡುವವನ ಮೂಗಿಗೆ ಕೋಣೆಯ ವಾಸನೆಯನ್ನೇ ತಂದು ಮುಟ್ಟಿಸುವ ಆ ನೊಣವು, ಚಿತ್ರಕಾರನು ಅಲ್ಲಿ ಇದ್ದನೆಂಬುದಕ್ಕೆ ಸಾಕ್ಷಿ. ವೈದ್ಯರು ಈ ಗ್ರಂಥವನ್ನು ಅಷ್ಟಾಗಿ ಮೆಚ್ಚಲಿಲ್ಲ. ಇಂಗ್ಲೆಂಡಿನ ವಿಲಿಯಂ ಕೂಪರನೆಂಬ ಶಸ್ತ್ರವೈದ್ಯನು ಅದರ ಫಲಕಗಳನ್ನೇ ತೆಗೆದುಕೊಂಡು, ತನ್ನ ವಿವರಣೆಯನ್ನು ಸೇರಿಸಿ, 1698ರಲ್ಲಿ ತನ್ನ ಹೆಸರಿನಲ್ಲಿಯೇ ಪ್ರಕಟಿಸಿಬಿಟ್ಟನು. ಬಿಡ್ಲೂ ಕೆರಳಿ ಕೆಂಡವಾದನು. ಇಬ್ಬರು ವೈದ್ಯರ ಈ ಜಗಳದಲ್ಲಿ ಲೇರೆಸ್ಸನ ಹಕ್ಕಿನ ಮಾತನ್ನು ಯಾರೂ ಎತ್ತಲಿಲ್ಲ.

ವೈದ್ಯನೂ ಚಿತ್ರಕಾರನೂ ಸರಿಸಮನಾಗಿ ದುಡಿದ ನಿದರ್ಶನವನ್ನು ಹುಡುಕಿದರೆ ಲೈಡನ್ ನಗರಕ್ಕೆ ಹೋಗಬೇಕು. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಅಲ್ಲಿ ಆಚಾರ್ಯನಾದ ಬರ್ನ್‌ಹಾರ್ಡ್ ಸೀಗ್‌ಫ್ರೀಡ್ ಅಲ್ಬೀನಸ್ಸನು ವೆಸೇಲಿಯಸ್ಸನ ಸಮಗ್ರಕೃತಿಗಳನ್ನು 1725ರಲ್ಲಿ ತನ್ನ ಹಿರಿಯನಾದ ಬೂರ್‌ಹಾವೆಯೊಡನೆ ಪುನಃ ಪ್ರಕಟಿಸಿದಾಗ, ಹಳೆಯ ಮರದಚ್ಚುಗಳನ್ನು ತಾಮ್ರದಲ್ಲಿ ಮರುಕೆತ್ತಿದವನು ಯಾನ್ ವಾಂಡೆಲಾರ್. ಅಲ್ಲಿಂದ ಮುಂದೆ ಅವರ ಸಹವಾಸ ಬಿಡಲಿಲ್ಲ. 1747ರಲ್ಲಿ ಹೊರಬಂದ ಅಸ್ಥಿ ಮತ್ತು ಸ್ನಾಯುಗಳ ಮಹಾಫಲಕಗಳಿಗಾಗಿ ಅವರು ವರ್ಷವರ್ಷಗಳ ಕಾಲ ಒಟ್ಟಿಗೆ ಶ್ರಮಿಸಿದರು. ಸಂಧಿಬಂಧಗಳು ಒಣಗದಂತೆ ಕಾಪಾಡಿದ ಪುರುಷನ ಅಸ್ಥಿಪಂಜರವನ್ನು ಹುರಿಗಳಿಂದ ಬಿಗಿದು ನಿಲ್ಲಿಸಿ, ಅದರ ನಿಲುವು ಜೀವಂತನ ನಿಲುವೇ ಆಗಬೇಕೆಂದು, ಸರಿಸಮಾನ ಎತ್ತರದ ತೆಳ್ಳನೆಯ ಮನುಷ್ಯನೊಬ್ಬನನ್ನು ಬೆತ್ತಲೆಯಾಗಿ ಪಕ್ಕದಲ್ಲಿ ನಿಲ್ಲಿಸಿ, ಹುರಿಗಳನ್ನು ಮತ್ತೆ ಮತ್ತೆ ಎಳೆದು ಸಡಿಲಿಸಿ ಹೊಂದಿಸಿದರು. ದೇಹವು ಕೆಡದಿರಲು ಚಳಿಗಾಲವೇ ಬೇಕು. ಬೆತ್ತಲೆ ನಿಂತವನಿಗೆ ಬೆಂಕಿಯೂ ಬೇಕು. ಆಮೇಲೆ ಅಸ್ಥಿಪಂಜರಕ್ಕೂ ಚಿತ್ರಕಾರನಿಗೂ ನಡುವೆ ಚೌಕಗಳಾಗಿ ಹೆಣೆದ ಎರಡು ಹುರಿಯ ಜಾಲಗಳನ್ನು ಕಟ್ಟಿದರು. ಒಂದರ ಗಂಟು ಇನ್ನೊಂದರ ಗಂಟಿನ ನೇರಕ್ಕೆ ಬರುವಂತೆ ಕಣ್ಣನ್ನು ಇರಿಸಿ, ಚೌಕದಲ್ಲಿ ಕಂಡುದನ್ನು ಕಾಗದದ ಚೌಕಕ್ಕೆ ಇಳಿಸುವುದು ವಾಂಡೆಲಾರನ ಕೆಲಸ. ಪಕ್ಕೆಲುಬಿನ ಒಂದೊಂದು ಬಾಗೂ ಹೀಗೆ ಅಳೆದು ಬಂದದ್ದು.

ಅಲ್ಬೀನಸ್ಸನ ಉದ್ದೇಶವು ಒಬ್ಬ ಮನುಷ್ಯನ ಪ್ರತಿಕೃತಿಯಲ್ಲ. ಪ್ರಮಾಣಬದ್ಧವಾದ ದೇಹವನ್ನು ಆರಿಸಿ, ಅದರಲ್ಲಿಯೂ ಕಂಡ ಚಿಕ್ಕಪುಟ್ಟ ಕೊರತೆಗಳನ್ನು ಇತರ ದೇಹಗಳನ್ನು ನೋಡಿ ತಿದ್ದಿ, ಎಲ್ಲ ಮನುಷ್ಯರಲ್ಲಿಯೂ ಇರುವ ಒಂದು ಪೂರ್ಣರೂಪವನ್ನು ಸಾಧಿಸಬೇಕೆಂಬುದು ಅವನ ಸಂಕಲ್ಪ. ಹೀಗಾಗಿ ಆ ಫಲಕಗಳಲ್ಲಿ ನಿಂತ ಅಸ್ಥಿಪಂಜರವು ಯಾರದೂ ಅಲ್ಲ. ಅದರ ಸುತ್ತ ವಾಂಡೆಲಾರನು ಬರೆದ ಗಿಡಬಳ್ಳಿಗಳು, ಕಲ್ಲುಗಳು, ಕಾರಂಜಿಗಳು ಮಾತ್ರ ಯಾವುದೋ ನಿಜವಾದ ತೋಟದವೆಂಬಂತೆ ಎದ್ದು ಕಾಣುತ್ತವೆ. ಕೆಲವರು ಇವನ್ನು ಆಕ್ಷೇಪಿಸಿದರು. ಅಲ್ಬೀನಸ್ಸನ ಶಿಷ್ಯನೇ ಆದ ಪೆಟ್ರಸ್ ಕಾಂಪರನು ಇಂಥ ಅಲಂಕಾರಗಳು ಶಾಸ್ತ್ರಕ್ಕೆ ಸಲ್ಲವೆಂದನು. ಆದರೆ ಅಲ್ಬೀನಸ್ಸನ ಸಮಾಧಾನವು ಪೊಳ್ಳಲ್ಲ: ಬರಿಯ ಬಿಳಿಯ ಕಾಗದದ ಮೇಲೆ ಬರೆದರೆ ಕಾಗದದ ಬೆಳಕೇ ಹೆಚ್ಚಾಗಿ, ಎಲುಬಿನ ಮೇಲಿನ ಬೆಳಕು ನೆರಳುಗಳ ಸೂಕ್ಷ್ಮತೆ ಮಂಕಾಗುತ್ತದೆ, ಹಿಂದೆ ಛಾಯೆಯಿದ್ದರೆ ಎಲುಬು ಮುಂದಕ್ಕೆ ಬಂದು ದುಂಡಾಗಿ ನಿಲ್ಲುತ್ತದೆ. ಫಲಕಗಳನ್ನು ನೋಡಿದವರಿಗೆ ಇದು ವಾದದ ವಿಷಯವಾಗಿ ಉಳಿಯುವುದಿಲ್ಲ. ಅಕ್ಷರಗಳ ಗುರುತುಗಳು ಚಿತ್ರವನ್ನು ಕೆಡಿಸದಿರಲೆಂದು ಪ್ರತಿಯೊಂದು ಚಿತ್ರಕ್ಕೂ ಜೊತೆಯಾಗಿ ಬರಿಯ ರೇಖೆಗಳ ಇನ್ನೊಂದು ಫಲಕವನ್ನು ಮಾಡಿ, ಗುರುತುಗಳನ್ನೆಲ್ಲ ಅದರ ಮೇಲೆ ಹಾಕಿದರೆಂಬುದೂ ಅವರಿಗೆ ಚಿತ್ರದ ಮೇಲಿದ್ದ ಗೌರವವನ್ನು ಸಾರುತ್ತದೆ.

ಈ ಫಲಕಗಳಲ್ಲಿ ಎರಡರ ಹಿನ್ನೆಲೆಯಲ್ಲಿ ಖಡ್ಗಮೃಗವೊಂದು ಮೇಯುತ್ತ ನಿಂತಿದೆ. ಅದು ಕಲ್ಪನೆಯ ಪ್ರಾಣಿಯಲ್ಲ, ನಮ್ಮ ದೇಶದ್ದು. ತಾಯಿಯನ್ನು ಬೇಟೆಗಾರರು ಕೊಂದ ಮೇಲೆ ಅನಾಥವಾದ ಮರಿಯನ್ನು ಬಂಗಾಳದಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯಾಗಿದ್ದ ಯಾನ್ ಆಲ್ಬರ್ಟ್ ಸಿಕ್ಟರ್‌ಮನ್ನನು ತನ್ನ ಮನೆಯಲ್ಲಿ ಸಾಕಿದ್ದನು. ಹಡಗಿನ ನಾಯಕನೊಬ್ಬನು ಅದನ್ನು ಕೊಂಡು 1741ರಲ್ಲಿ ರಾಟರ್‌ಡಾಮ್‌ಗೆ ತಂದನು. ಕ್ಲಾರಾ ಎಂಬ ಹೆಸರಿನಿಂದ ಅದು ಯೂರೋಪಿನ ರಾಜಸಭೆಗಳಲ್ಲಿಯೂ ಸಂತೆಗಳಲ್ಲಿಯೂ ಹದಿನೇಳು ವರ್ಷ ಮೆರೆದು, 1758ರಲ್ಲಿ ಲಂಡನ್ನಿನಲ್ಲಿ ಸತ್ತಿತು. ಅದು ಬಂದ ಮರುವರ್ಷವೇ ವಾಂಡೆಲಾರನು ಅದನ್ನು ನೋಡಿ ಬರೆದನು. ಕಲಾವಿದ ಡ್ಯೂರರನ ಹಳೆಯ ಮರದಚ್ಚಿನಿಂದ ಯೂರೋಪು ನಂಬಿಕೊಂಡು ಬಂದಿದ್ದ, ಕವಚ ತೊಟ್ಟಂಥ ಖಡ್ಗಮೃಗದ ರೂಪವನ್ನು ಅಲುಗಿಸಿದ ಮೊದಲ ಚಿತ್ರಗಳಲ್ಲಿ ಇದೂ ಒಂದು. ಚರ್ಮವೇ ಇಲ್ಲದ ಮನುಷ್ಯನ ಹಿಂದೆ ಅತ್ಯಂತ ದಪ್ಪ ಚರ್ಮದ ಪ್ರಾಣಿಯನ್ನು ನಿಲ್ಲಿಸಿದ್ದು ಆ ಕಲಾವಿದನ ಯೋಚನೆಯೇ ಆಗಿರಬೇಕೆಂದು ನಾನು ನಂಬುತ್ತೇನೆ; ಎರಡನ್ನೂ ಅವನು ಒಂದೇ ನಿಷ್ಠೆಯಿಂದ ನೋಡಿದ್ದಾನೆ.

ಅಲ್ಬೀನಸ್ಸನ ಪೂರ್ಣಪುರುಷನಿಗೆ ಎದುರಾಗಿ ನಿಂತ ಗ್ರಂಥವು ಲಂಡನ್ನಿನದು. ಸ್ಕಾಟ್ಲೆಂಡಿನಿಂದ ಬಂದು ಲಂಡನ್ನಿನ ಪ್ರಸಿದ್ಧ ಪ್ರಸೂತಿವೈದ್ಯನಾದ ವಿಲಿಯಂ ಹಂಟರನಿಗೆ, ಹೆರಿಗೆಯ ದಿನಗಳು ಸಮೀಪಿಸಿದ್ದಾಗ ಹಠಾತ್ತನೆ ತೀರಿಕೊಂಡ ಹೆಂಗಸೊಬ್ಬಳ ದೇಹವು 1750ರ ಸುಮಾರಿನಲ್ಲಿ ದೊರೆಯಿತು. ಕಾಲವು ಚಳಿಗಾಲವಾಗಿದ್ದುದು ಅನುಕೂಲವಾಯಿತು. ಆ ದಿನಗಳಲ್ಲಿ ಹಾಲೆಂಡಿನಿಂದ ಬಂದಿದ್ದ ಯಾನ್ ವಾನ್ ರಿಮ್ಸ್‌ಡೈಕನನ್ನು ಕರೆಸಿ, ಕಂಡಷ್ಟೇ ಗಾತ್ರದಲ್ಲಿ, ಕಂಡಂತೆಯೇ ಬರೆಯಿಸತೊಡಗಿದನು. ಇಪ್ಪತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಇಂಥ ಹಲವು ದೇಹಗಳಿಂದ ಕೂಡಿಬಂದ 34 ಫಲಕಗಳು, ಬರ್ಮಿಂಗ್‌ಹ್ಯಾಮ್‌ನ ಬಾಸ್ಕರ್‌ವಿಲ್ಲನ ಮುದ್ರಣದಲ್ಲಿ 1774ರಲ್ಲಿ ಗ್ರಂಥವಾದವು. ಕಂಡ ಒಂದೇ ವಸ್ತುವಿನ ಯಥಾವತ್ ಚಿತ್ರವು ಒಂದು ಬಗೆ, ಅನೇಕ ವಸ್ತುಗಳಿಂದ ಮನಸ್ಸು ಕಟ್ಟಿಕೊಂಡ ಚಿತ್ರವು ಇನ್ನೊಂದು ಬಗೆ ಎಂದು ಹಂಟರನು ಮುನ್ನುಡಿಯಲ್ಲಿ ವಿಂಗಡಿಸಿ, ತನ್ನ ಒಲವು ಮೊದಲನೆಯದರ ಕಡೆಗೆಂದು ತಿಳಿಸುತ್ತಾನೆ. ಫಲಕಗಳು ಅವನ ಮಾತನ್ನು ಅಕ್ಷರಶಃ ಪಾಲಿಸುತ್ತವೆ. ಒಂದರಲ್ಲಿ ಗರ್ಭವನ್ನು ಸುತ್ತಿದ ತೇವದ ಪೊರೆಯ ಮೇಲೆ ಆ ಕೋಣೆಯ ಕಿಟಕಿಯು ಪ್ರತಿಬಿಂಬಿಸಿದೆ. ಅದೇ ಫಲಕಗಳಲ್ಲಿ ತಾಯಿಯ ಮುಖವಿಲ್ಲ; ತೊಡೆಗಳು ಅಡ್ಡಲಾಗಿ ಕತ್ತರಿಸಿ ಮುಗಿಯುತ್ತವೆ. ಅಷ್ಟು ಪ್ರೀತಿಯಿಂದ ಬೆಳಕನ್ನು ಹಿಡಿದ ಕೈಯೇ ಆ ಕಡಿತವನ್ನೂ ಹಿಡಿದಿರುವುದರಿಂದ ಈ ಫಲಕಗಳನ್ನು ನೋಡುವುದು ಇಂದಿಗೂ ಕಷ್ಟ. ನಿಸರ್ಗದ ಸತ್ಯವನ್ನು ಬಯಸಿದ ಹಂಟರನು, ಆ ಹೆಂಗಸರು ಯಾರೆಂಬ ಸತ್ಯವನ್ನು ಬಯಸಲಿಲ್ಲ. ಮುನ್ನುಡಿಯಲ್ಲಿ ಕೆತ್ತನೆಗಾರನಾದ ರಾಬರ್ಟ್ ಸ್ಟ್ರೇಂಜನನ್ನು ಹೊಗಳಿದವನು ರಿಮ್ಸ್‌ಡೈಕನನ್ನು ಹೆಸರಿಸಲಿಲ್ಲ. ಭಾವಚಿತ್ರಗಳನ್ನು ಬರೆದು ಕೀರ್ತಿ ಗಳಿಸಬೇಕೆಂದಿದ್ದ ಆ ಕಲಾವಿದನ ಬಾಳು ಹೆಣಗಳ ಎದುರಿನಲ್ಲಿಯೇ ಕಳೆಯಿತು. ಅವನ ಕೆಂಪು ಸೀಮೆಸುಣ್ಣದ ಮೂಲಚಿತ್ರಗಳು ಈಗ ಗ್ಲ್ಯಾಸ್ಗೋ ವಿಶ್ವವಿದ್ಯಾಲಯದಲ್ಲಿವೆ.

ಇಂಗ್ಲೆಂಡಿನಲ್ಲಿ 1832ರ ಶಾಸನವು ವಾರಸುದಾರರಿಲ್ಲದ ಬಡವರ ದೇಹಗಳನ್ನು ಶವಚ್ಛೇದಶಾಲೆಗೆ ಕೊಡಿಸಿತು. ಗಲ್ಲಿನ ಕಂಬದ ಸ್ಥಾನವನ್ನು ಬಡವರ ಆಶ್ರಮವು ತೆಗೆದುಕೊಂಡಿತು. ಅಂಥ ದೇಹಗಳನ್ನೇ ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ಇಬ್ಬರು ತರುಣರು ಒಟ್ಟಿಗೆ ಬಿಡಿಸಿದರು: ಒಬ್ಬನು ಹೆನ್ರಿ ಗ್ರೇ, ಇನ್ನೊಬ್ಬನು ಯಾರ್ಕ್‌ಷೈರಿನ ಚಿತ್ರಕಾರನ ಮಗನಾದ ಹೆನ್ರಿ ವ್ಯಾಂಡೈಕ್ ಕಾರ್ಟರ್. ಗ್ರೇ ಬರೆದನು, ಕಾರ್ಟರನು ಚಿತ್ರಿಸಿದನು. 1858ರಲ್ಲಿ ಹೊರಬಂದ ಅವರ ಪುಸ್ತಕದ 363 ಚಿತ್ರಗಳಲ್ಲಿ ಬೆಟ್ಟವಿಲ್ಲ, ಹೂವಿಲ್ಲ, ನೊಣವಿಲ್ಲ, ನರಳುವ ಮುಖವಿಲ್ಲ. ಅಚ್ಚಿನಲ್ಲಿ ಎಡವು ಬಲವಾಗುವುದರಿಂದ, ಹಲಗೆಯ ಮೇಲೆ ಎಲ್ಲವನ್ನೂ ತಿರುಗುಮುರುಗಾಗಿಯೇ ಬರೆಯಬೇಕು. ಕಾರ್ಟರನು ಹಾಗೆಯೇ ಬರೆದನು. ಅವನು ತಂದ ಉಪಾಯವು ಸರಳವಾದರೂ ಮಹತ್ತರವಾದುದು. ಅಂಗದ ಪಕ್ಕದಲ್ಲಿ ಅಂಕೆಯನ್ನಿಟ್ಟು, ಆ ಅಂಕೆಯ ಅರ್ಥವನ್ನು ಬೇರೊಂದು ಕಡೆ ಹುಡುಕಿಸುವ ಪದ್ಧತಿಯನ್ನು ಬಿಟ್ಟು, ಸ್ನಾಯುವಿನ ಹೆಸರನ್ನು ಸ್ನಾಯುವಿನ ಉದ್ದಕ್ಕೂ, ನಾಳದ ಹೆಸರನ್ನು ನಾಳದ ಬಾಗಿನಲ್ಲಿಯೇ ಬರೆದನು. ನೋಡುವ ಕಣ್ಣು ಪುಟ ಬಿಟ್ಟು ಅಲೆಯಬೇಕಾಗಿಲ್ಲ. ಸೌಂದರ್ಯವು ಇಲ್ಲಿ ಅಲಂಕಾರವಾಗಿ ಬಂದಿಲ್ಲ, ವಿದ್ಯಾರ್ಥಿಯ ಮೇಲಿನ ದಯೆಯಾಗಿ ಬಂದಿದೆ. ನನ್ನ ದೃಷ್ಟಿಯಲ್ಲಿ ಇದು ವಾಂಡೆಲಾರನ ತೋಟಗಳಿಗಿಂತ ಕಡಮೆಯ ಕಲೆಯಲ್ಲ.

ಈ ಪುಸ್ತಕ ಹೊರಬರುವ ಮುನ್ನವೇ, 1858ರ ಆರಂಭದಲ್ಲಿ, ಕಾರ್ಟರನು ಇಂಡಿಯಾಕ್ಕೆ ಹಡಗು ಹತ್ತಿದನು. ಧಾರವಾಡ ಬೆಳಗಾವಿಗಳೂ ಸೇರಿದ್ದ ಮುಂಬಯಿ ಪ್ರಾಂತ್ಯದ ವೈದ್ಯಶಿಕ್ಷಣಕ್ಕೆ ಕೇಂದ್ರವಾಗಿದ್ದ ಗ್ರ್ಯಾಂಟ್ ಮೆಡಿಕಲ್ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರದ ಅಧ್ಯಾಪಕನಾದನು. ಅತ್ತ ಲಂಡನ್ನಿನಲ್ಲಿ, ಪುಸ್ತಕದ ಮೊದಲ ಪುಟದ ಕರಡಚ್ಚನ್ನು ತಿದ್ದುತ್ತಿದ್ದ ಗ್ರೇ, ತನ್ನ ಹೆಸರಿಗೆ ಸಮನಾಗಿ ಜೋಡಿಸಿದ್ದ ಕಾರ್ಟರನ ಹೆಸರನ್ನು ಚಿಕ್ಕಕ್ಷರಕ್ಕೆ ಇಳಿಸುವಂತೆ ಸೂಚಿಸಿ, ಮುಂಬಯಿಯ ಅಧ್ಯಾಪಕಪದವಿಯ ಉಲ್ಲೇಖವನ್ನು ಹೊಡೆದುಹಾಕಿದನು. ಗ್ರೇಗೆ ಮಾರಾಟದ ಮೇಲೆ ರಾಯಧನ; ಕಾರ್ಟರನಿಗೆ ಒಂದೇ ಬಾರಿ ಕೊಟ್ಟ 150 ಪೌಂಡು. ಮೂರು ವರ್ಷಗಳಲ್ಲಿ ಗ್ರೇ ಸಿಡುಬಿಗೆ ಬಲಿಯಾದನು. ಪುಸ್ತಕವು ಗ್ರೇಯ ಹೆಸರಿನಿಂದಲೇ ಲೋಕದ ಎಲ್ಲೆಡೆ ಹರಡಿತು.

ಕಾರ್ಟರನು ತನ್ನ ದಿನಚರಿಯಲ್ಲಿ ತನ್ನ ಯೋಗ್ಯತೆಯನ್ನು ತಾನೇ ಶಂಕಿಸುತ್ತಿದ್ದ ದೈವಭೀರು ಮನುಷ್ಯ. ಮೂವತ್ತು ವರ್ಷ ಇಂಡಿಯಾದಲ್ಲಿದ್ದು, ಮುಂಬಯಿಯಲ್ಲಿಯೂ ಸಾತಾರದಲ್ಲಿಯೂ ಕೆಲಸ ಮಾಡಿ, ಕುಷ್ಠರೋಗಿಗಳ ನಡುವೆ ಓಡಾಡಿ, 1877ರ ಕ್ಷಾಮದ ಕಾಲದಲ್ಲಿ ಮರುಕಳಿಸುವ ಜ್ವರದ ಕ್ರಿಮಿಯನ್ನು ರೋಗಿಗಳ ರಕ್ತದಲ್ಲಿ ಸೂಕ್ಷ್ಮದರ್ಶಕದಿಂದ ಗುರುತಿಸಿ, ಅದೇ ಜ್ವರವನ್ನು ತಾನೂ ಅನುಭವಿಸಿದನು. ಬರಿಗಾಲಿನಲ್ಲಿ ಹೊಲಗದ್ದೆಗಳಲ್ಲಿ ದುಡಿಯುವವರ ಅಂಗಾಲಿಗೆ ಮುಳ್ಳಿನ ಗಾಯದಿಂದ ಹೊಕ್ಕು, ಪಾದವನ್ನೆಲ್ಲ ಗಂಟುಗಂಟಾಗಿ ಊದಿಸಿ, ರಂಧ್ರಗಳಿಂದ ಕಪ್ಪು ಕಾಳುಗಳನ್ನು ಸುರಿಸುವ ಮಧುರಾಪಾದವೆಂಬ ರೋಗಕ್ಕೆ ಶಿಲೀಂಧ್ರವೇ ಕಾರಣವೆಂದು ಅವನು ವಾದಿಸಿದನು. ಆ ರೋಗವನ್ನು ಕುರಿತು 1874ರಲ್ಲಿ ಅವನು ಪ್ರಕಟಿಸಿದ ಪುಸ್ತಕದಲ್ಲಿ ಸೀಳಿ ತೋರಿಸಿದ ಪಾದಗಳ ಬಣ್ಣದ ಫಲಕಗಳಿವೆ. ಅದರ ಮೊದಲ ಪುಟದಲ್ಲಿ ಲೇಖಕನ ಹೆಸರು ಒಂದೇ, ಕಾರ್ಟರನದು.